ಹಿಂದಿನ ಆಕ್ಸಲ್ ಯಾಕೆ ಗುಂಯ್ ಅನ್ನುತ್ತದೆ?

ಯು-ಟರ್ನ್ ತೆಗೆದುಕೊಳ್ಳುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ದೂರ ಓಡಬೇಕು. ಎಷ್ಟು ಜಾಸ್ತಿ? ಅಂಬಾಸಿಡರ್ ಕಾರನ್ನೇ ತೆಗೆದುಕೊಳ್ಳಿ. ಅದರ ಹಿಂದಿನ ಎರಡು ಚಕ್ರಗಳ ನಡುವಿನ ಅಂತರ ಹೆಚ್ಚುಕಡಿಮೆ 1.35 ಮೀಟರ್. ಅದನ್ನು 3.14ರಿಂದ ಗುಣಿಸಿ. 4.2 ಮೀಟರ್ ಚಿಲ್ಲರೆ ಬರುತ್ತದೆ. ಉತ್ತರ ಅಷ್ಟೇ. ಮೈದಾನದಲ್ಲಿ ದೊಡ್ಡ ಸುತ್ತು ಹಾಕಿ ತಿರುಗಿಸಿದರೂ, ಗಲ್ಲಿಯಲ್ಲಿ ಸ್ಟೇರಿಂಗ್ ಪೂರ್ತಿ ಎಳೆದು ತಿರುಗಿಸಿದರೂ ವ್ಯತ್ಯಾಸ ಅಷ್ಟೇ ಇರುತ್ತದೆ. ಆ ಗಾಡಿಯ 15 ಇಂಚಿನ ಟೈರು ಒಂದು ಸುತ್ತಿಗೆ ಸುಮಾರು 2 ಮೀಟರ್ ಉರುಳುತ್ತದೆ. ಅಂದರೆ ಪ್ರತಿ ಯು-ಟರ್ನ್‌ಗೂ ಹೊರಗಿನ ಚಕ್ರ ಎರಡು ಸುತ್ತು ಹೆಚ್ಚಿಗೆ ತಿರುಗಬೇಕು.

ಎರಡೂ ಚಕ್ರಗಳನ್ನು ಒಂದೇ ಸರಳಿಗೆ ಬಿಗಿದಿದ್ದರೆ ಇದು ಆಗದ ಮಾತು. ಟೈರು ಉಜ್ಜಿಕೊಂಡು ಹೋಗುತ್ತಿತ್ತು, ಇಲ್ಲವೇ ಶಾಫ್ಟ್ ಮುರಿಯುತ್ತಿತ್ತು. ಅದಕ್ಕೇ ನಡುವೆ ಡಿಫರೆನ್ಷಿಯಲ್ ಇದೆ. ಚಕ್ರಕ್ಕೊಂದರಂತೆ ಇರುವ ಎರಡು ಶಾಫ್ಟ್‌ಗಳ ತುದಿಯಲ್ಲಿ ಒಂದೊಂದು ಸೈಡ್ ಗೇರ್, ಅವೆರಡಕ್ಕೂ ಹಲ್ಲು ಕೊಟ್ಟು ಕೂತ ಪುಟ್ಟ ಸ್ಟಾರ್ ಪಿನಿಯನ್‌ಗಳು. ಹಿಂದಿನ ಎರಡೂ ಚಕ್ರಗಳನ್ನು ಜಾಕ್ ಮೇಲೆ ಎತ್ತಿ, ಗೇರ್ ಹಾಕಿಟ್ಟು, ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ. ಇನ್ನೊಂದು ಉಲ್ಟಾ ತಿರುಗುತ್ತದೆ. ಡಿಫರೆನ್ಷಿಯಲ್ ಅರ್ಥವಾಗಲು ಹತ್ತು ಚಿತ್ರಗಳಿಗಿಂತ ಇದು ಮೇಲು.

ನೇರ ರಸ್ತೆಯಲ್ಲಿ ಈ ಪುಟ್ಟ ಗೇರ್‌ಗಳಿಗೆ ಕೆಲಸವೇ ಇಲ್ಲ. ತಮ್ಮನ್ನು ಹಿಡಿದಿಟ್ಟ ಇಡೀ ಗೂಡಿನ ಜೊತೆ ಸುಮ್ನೆ ಸುತ್ತುತ್ತಿರುತ್ತವೆ. ಹಾಗಾಗಿ ಅವುಗಳ ಹಲ್ಲು ಸುಲಭಕ್ಕೆ ಹೋಗುವುದಿಲ್ಲ. ಹೋಗುವುದು ಅವುಗಳ ಬೆನ್ನಿಗಿರುವ ತೆಳ್ಳನೆಯ ವಾಷರ್‌ಗಳು. ಗಾಡಿ ಹೊರಡುವಾಗ, ರಿವರ್ಸ್ ಹಾಕಿದಾಗ ಹಿಂದಿನಿಂದ 'ಟಣ್' ಅಂತ ಸದ್ದು ಬಂದರೆ ಮೊದಲು ಅನುಮಾನ ಪಡಬೇಕಾದದ್ದು ಎಂಜಿನ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ತಿರುಗಾಟ ತರುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟ್ (ಬಾಗುವ ಕೀಲು) ಮತ್ತು ಈ ವಾಷರ್‌ಗಳನ್ನು. ಗೇರು ಹೋಯಿತು ಅಂತ ಮಾಲೀಕರು ಗಾಬರಿಯಾಗುತ್ತಾರೆ. ಎಷ್ಟೋ ಸಲ ಅಗ್ಗದ ವಾಷರ್ ಬದಲಿಸಿದರೆ ಮುಗಿಯುತ್ತದೆ.

ನಿಜವಾದ ಭಾರ ಹೊರುವ ಜೋಡಿ ಬೇರೆಯೇ ಇದೆ. ಎಂಜಿನ್ನಿನಿಂದ ಉದ್ದಕ್ಕೆ ಬಂದ ತಿರುಗಾಟವನ್ನು ಅಡ್ಡಕ್ಕೆ ತಿರುಗಿಸಿ ಚಕ್ರಗಳಿಗೆ ಕೊಡುವ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರ ಮತ್ತು ಅದನ್ನು ತಿರುಗಿಸುವ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ. ಹಳೆಯ ಕಾರಿನ ಹಿಂದಿನ ಆಕ್ಸಲ್ ರಿಪೇರಿ ಅಂದರೆ ಮುಕ್ಕಾಲು ಪಾಲು ಈ ಎರಡರ ಕಥೆ.

ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. 1950ರ ದಶಕದ ಕೊನೆಯಿಂದ 2014ರವರೆಗೆ ಕೋಲ್ಕತ್ತಾ ಬಳಿಯ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಅದನ್ನು ತಯಾರಿಸಿತು. ಮಾರಿಸ್ ಸೇರಿದ್ದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಬಳಗದ ಆಕ್ಸಲ್‌ಗಳಲ್ಲಿ ಪಿನಿಯನ್ನಿಗೂ ಕ್ರೌನಿಗೂ ಇದ್ದ ಹಲ್ಲಿನ ಲೆಕ್ಕ ಗಮನಿಸಿ: 8ಕ್ಕೆ 39, 9ಕ್ಕೆ 41, 10ಕ್ಕೆ 43. ಎಲ್ಲವೂ ಸರಿಯಾಗಿ ಭಾಗವಾಗದ ಸಂಖ್ಯೆಗಳು. ಬೇಕಂತಲೇ ಹಾಗೆ ಮಾಡಿದ್ದಾರೆ. 10ಕ್ಕೆ 40 ಇಟ್ಟರೆ ಪಿನಿಯನ್ನಿನ ಒಂದು ಹಲ್ಲು ಕ್ರೌನಿನ ಅದೇ ನಾಲ್ಕು ಹಲ್ಲುಗಳನ್ನು ಜೀವನಪೂರ್ತಿ ಉಜ್ಜುತ್ತದೆ. ಒಂದರಲ್ಲಿ ಊನ ಇದ್ದರೆ ಆ ನಾಲ್ಕಕ್ಕೇ ಏಟು. 9ಕ್ಕೆ 41 ಇದ್ದರೆ ಪ್ರತಿ ಹಲ್ಲೂ ಎದುರಿನ ಪ್ರತಿ ಹಲ್ಲನ್ನೂ ಭೇಟಿಯಾಗುತ್ತದೆ. ಸವೆತ ಎಲ್ಲರಿಗೂ ಹಂಚಿಹೋಗುತ್ತದೆ.

ಇನ್ನೊಂದು ಜಾಣತನ ಪಿನಿಯನ್ ಕೂತ ಜಾಗದಲ್ಲಿದೆ. ಅದು ಕ್ರೌನಿನ ನಟ್ಟನಡುವಿನ ಗೆರೆಗೆ ಬರುವುದಿಲ್ಲ, ಸ್ವಲ್ಪ ಕೆಳಗೆ ಕೂರುತ್ತದೆ. ಇದಕ್ಕೆ ಹೈಪಾಯ್ಡ್ ಗೇರ್ ಅಂತಾರೆ. ಅಮೆರಿಕದ ರೋಚೆಸ್ಟರ್‌ನ ಗ್ಲೀಸನ್ ಕಂಪನಿ 1920ರ ದಶಕದಲ್ಲಿ ಇದನ್ನು ಕಡೆಯುವ ಯಂತ್ರ ತಂದಿತು. ಪ್ಯಾಕಾರ್ಡ್ ಕಾರುಗಳು ಮೊದಲು ಬಳಸಿದವು. ಪಿನಿಯನ್ ಕೆಳಗಿಳಿದರೆ ಪ್ರೊಪೆಲ್ಲರ್ ಶಾಫ್ಟ್ ಕೆಳಗಿಳಿಯುತ್ತದೆ, ಜೊತೆಗೆ ಕಾರಿನ ನೆಲವೂ ತಗ್ಗುತ್ತದೆ. ಪಿನಿಯನ್ ದಪ್ಪ ಇರಬಹುದು, ಒಂದೇ ಸಲಕ್ಕೆ ಹೆಚ್ಚು ಹಲ್ಲು ಹಿಡಿಯುತ್ತದೆ, ಸದ್ದೂ ಕಡಿಮೆ. ಆದರೆ ಬಿಟ್ಟಿ ಏನೂ ಇಲ್ಲ. ಇಲ್ಲಿ ಹಲ್ಲುಗಳು ಬರೀ ಉರುಳುವುದಿಲ್ಲ, ಒಂದರ ಮೈಮೇಲೆ ಇನ್ನೊಂದು ಉದ್ದಕ್ಕೆ ಜಾರುತ್ತದೆ. ಆ ಜಾರಾಟದ ಬಿಸಿಗೆ ಮಾಮೂಲಿ ಎಣ್ಣೆ ಪದರ ಹರಿದುಹೋಗುತ್ತದೆ. ಅದಕ್ಕೇ ಹೈಪಾಯ್ಡ್ ಎಣ್ಣೆಯಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು. ಬಿಸಿಯಾದ ಜಾಗದಲ್ಲಿ ಅವು ಕಬ್ಬಿಣದ ಜೊತೆ ಸೇರಿ ತೆಳು ಪದರ ಕಟ್ಟುತ್ತವೆ. ಉಜ್ಜಿದಾಗ ಸವೆಯುವುದು ಆ ಪದರ, ಉಕ್ಕಲ್ಲ. ಗೇರ್ ಆಯಿಲ್ ಡಬ್ಬ ತೆರೆದರೆ ಮೂಗಿಗೆ ಹೊಡೆಯುವ ನಾತ ಆ ಗಂಧಕದ್ದೇ.

ಈಗ ಗುಂಯ್ ಸದ್ದಿನ ವಿಷಯ. ಗಾಡಿಯಲ್ಲಿ 9-41ರ ಜೋಡಿ ಇದೆ, ವೇಗ ಗಂಟೆಗೆ 60 ಕಿ.ಮೀ. ಅಂದುಕೊಳ್ಳಿ. ಚಕ್ರ ನಿಮಿಷಕ್ಕೆ ಸುಮಾರು 490 ಸುತ್ತು, ಪಿನಿಯನ್ ಸುಮಾರು 2,200. ಒಂದು ಸೆಕೆಂಡಿಗೆ ಲೆಕ್ಕ ಹಾಕಿದರೆ 330ರ ಆಸುಪಾಸಿನಷ್ಟು ಸಲ ಹಲ್ಲಿಗೆ ಹಲ್ಲು ಕೂರುತ್ತದೆ. ಹಾರ್ಮೋನಿಯಂ ನುಡಿಸುವವರಿಗೆ ಹೇಳುವುದಾದರೆ ನಡು ಸಪ್ತಕದ ಬಿಳಿ ಮೂರು! ಹಲ್ಲು ಸರಿಯಾಗಿ ಕೂತಿದ್ದರೆ ಈ ಸ್ವರ ಕೇಳಿಸದಷ್ಟು ಸಣ್ಣದು. ತಪ್ಪಾಗಿ ಕೂತರೆ ಪ್ರತಿ ಹಲ್ಲೂ ಒಂದೊಂದು ಪುಟ್ಟ ಏಟು ಹಾಕುತ್ತದೆ, ಕಾರಿನ ತಗಡು ಅದನ್ನು ದೊಡ್ಡದು ಮಾಡುತ್ತದೆ.

ಅನುಭವಿ ಮೆಕ್ಯಾನಿಕ್ ಬಿಚ್ಚುವ ಮೊದಲು ಒಂದು ರೌಂಡ್ ಓಡಿಸುತ್ತಾನೆ. ವೇಗ ಹಾಗೇ ಇಟ್ಟು ಒಂದು ಗೇರ್ ಕೆಳಗಿಳಿಸುತ್ತಾನೆ. ಎಂಜಿನ್ ಸದ್ದು ಏರುತ್ತದೆ, ಆಕ್ಸಲ್ ಸ್ವರ ಇದ್ದಲ್ಲೇ ಇರುತ್ತದೆ. ಆಮೇಲೆ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ. ಕಾಲು ಒತ್ತಿದಾಗ ಹಲ್ಲಿನ ಒಂದು ಮುಖ ಭಾರ ಹೊತ್ತರೆ, ಬಿಟ್ಟಾಗ ಇನ್ನೊಂದು ಮುಖ ಹೊರುತ್ತದೆ. ಯಾವಾಗ ಸದ್ದು ಬಂತು ಅನ್ನುವುದರಿಂದ ಯಾವ ಮುಖ ಕೆಟ್ಟಿದೆ ಅಂತ ಗೊತ್ತಾಗುತ್ತದೆ. ತಿರುವಿನಲ್ಲಿ ಮಾತ್ರ ಬದಲಾಗುವ ಸದ್ದಾದರೆ ಅದು ಬಹುಮಟ್ಟಿಗೆ ಚಕ್ರದ ಬೇರಿಂಗ್. ಬಿಚ್ಚದೆಯೇ ಅರ್ಧ ರೋಗ ಹಿಡಿದ ಹಾಗೆ ಅಲ್ವಾ?

ಬಿಚ್ಚಿದ ಮೇಲೆ ಮೊದಲು ನೋಡಬೇಕಾದದ್ದು ಹಲ್ಲಿನ ಮೈ. ಇವುಗಳ ಹೊರಪದರ ಮಾತ್ರ ಬಲು ಗಟ್ಟಿ, ಒಳಗಿನ ಉಕ್ಕು ಮೆದು. ಪೂರ್ತಿ ಗಟ್ಟಿ ಮಾಡಿದರೆ ಏಟಿಗೆ ಗಾಜಿನಂತೆ ಒಡೆಯುತ್ತಿತ್ತು. ಹೊರಪದರ ಚಕ್ಕೆ ಎದ್ದು ಗುಳಿ ಬಿದ್ದಿದ್ದರೆ ಆ ಜೋಡಿ ಮುಗಿಯಿತು. ಮೈ ನಯವಾಗಿದ್ದು ಬೇರಿಂಗ್ ಮಾತ್ರ ಹೋಗಿದ್ದರೆ ಹಳೆಯ ಜೋಡಿಯನ್ನೇ ಉಳಿಸಿಕೊಳ್ಳಿ ಅನ್ನುತ್ತೇನೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು ಸಿಕ್ಕಿತು ಅಂತ ಹಾಕಿಸಿಬಿಡುವ ಆಸೆ ಬೇಡ. ಕ್ರೌನ್ ಪಿನಿಯನ್‌ಗಳನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿ, ಜೋಡಿಯ ನಂಬರು ಕೆತ್ತಿರುತ್ತಾರೆ. ಒಂದರ ಕ್ರೌನಿಗೆ ಇನ್ನೊಂದರ ಪಿನಿಯನ್ ಹಾಕಿದರೆ ಅದು ಎಂದಿಗೂ ಸುಮ್ಮನಾಗುವುದಿಲ್ಲ.

ಆಮೇಲೆ ಶುರುವಾಗುವುದು ಸೆಟ್ಟಿಂಗ್. ಇದು ತಾಳ್ಮೆಯ ಕೆಲಸ. ಪಿನಿಯನ್ ಎಷ್ಟು ಒಳಗೆ ಕೂರಬೇಕು ಅನ್ನುವುದನ್ನು ಶಿಮ್ ಎಂಬ ತೆಳು ಉಕ್ಕಿನ ಬಳೆಗಳು ತೀರ್ಮಾನಿಸುತ್ತವೆ. ಹಲ್ಲಿಗೂ ಹಲ್ಲಿಗೂ ನಡುವಿನ ಸಡಿಲ, ಗ್ಯಾರೇಜಿನವರ ಮಾತಿನಲ್ಲಿ 'ಪ್ಲೇ', 0.1ರಿಂದ 0.2 ಮಿಲಿಮೀಟರಿನೊಳಗೆ ಇರಬೇಕು. ಎರಡು ಕೂದಲೆಳೆಯಷ್ಟು. ಬಿಗಿಯಾದರೆ ಬಿಸಿಗೆ ಉಬ್ಬಿದಾಗ ಎಣ್ಣೆಗೆ ಜಾಗವಿಲ್ಲ. ಸಡಿಲವಾದರೆ 'ಟಣ್'. ಪಿನಿಯನ್ ಬೇರಿಂಗ್‌ಗಳನ್ನೂ ಸ್ವಲ್ಪ ಬಿಗಿದೇ ಕೂರಿಸಬೇಕು. ಭಾರ ಬಿದ್ದಾಗ ಹಲ್ಲುಗಳು ಒಂದನ್ನೊಂದು ದೂರ ತಳ್ಳುತ್ತವೆ, ಸಡಿಲ ಬೇರಿಂಗ್ ಇದ್ದರೆ ಪಿನಿಯನ್ ಸರಿದೇಬಿಡುತ್ತದೆ.

ಸರಿ ಕೂತಿದೆಯೋ ಇಲ್ಲವೋ ಅಂತ ನೋಡಲು ನೀಲಿ ಬಳಿಯುತ್ತಾರೆ. ಪ್ರಷ್ಯನ್ ಬ್ಲೂ ಪೇಸ್ಟನ್ನು ಕ್ರೌನಿನ ಏಳೆಂಟು ಹಲ್ಲುಗಳಿಗೆ ತೆಳ್ಳಗೆ ಸವರಿ, ಒಂದು ಕೈಯಲ್ಲಿ ಕ್ರೌನನ್ನು ಹಿಡಿದು ತಡೆಯುತ್ತಾ ಇನ್ನೊಂದು ಕೈಯಲ್ಲಿ ಪಿನಿಯನ್ ತಿರುಗಿಸಬೇಕು. ಹಲ್ಲು ಒತ್ತಿದ ಕಡೆ ನೀಲಿ ಹೋಗಿ ಉಕ್ಕು ಹೊಳೆಯುತ್ತದೆ. ಆ ಹೊಳಪಿನ ಗುರುತು ಉದ್ದುದ್ದ ಮೊಟ್ಟೆಯಾಕಾರದಲ್ಲಿ ಹಲ್ಲಿನ ಮೈಯ ನಡುವೆ ಬಂದರೆ ಗೆದ್ದ ಹಾಗೆ. ಹಲ್ಲಿನ ಮೇಲಂಚಿನಲ್ಲಿ ಬಂದರೆ ಪಿನಿಯನ್ ದೂರವಾಯಿತು, ದಪ್ಪ ಶಿಮ್ ಬೇಕು. ಬುಡದಲ್ಲಿ ಬಂದರೆ ಜಾಸ್ತಿ ಒಳಗೆ ಹೋಯಿತು. ಪ್ರತಿ ಸಲವೂ ಬೇರಿಂಗ್ ಎಳೆದು, ಶಿಮ್ ಬದಲಿಸಿ, ಮತ್ತೆ ಬಿಗಿದು, ಮತ್ತೆ ನೀಲಿ. ಕೊನೆಯಲ್ಲಿ ಗುರುತು ಕ್ರೌನಿನ ಒಳತುದಿಯ ಕಡೆ ಒಂಚೂರು ವಾಲಿದ್ದರೂ ಪರವಾಗಿಲ್ಲ, ಒಳ್ಳೆಯದೇ. ರಸ್ತೆಯಲ್ಲಿ ಭಾರ ಬಿದ್ದಾಗ ಎಲ್ಲವೂ ಸ್ವಲ್ಪ ಬಾಗುತ್ತದೆ, ಗುರುತು ಹೊರತುದಿಯ ಕಡೆ ಸರಿಯುತ್ತದೆ.

ಇಷ್ಟು ಮಾಡುವ ಬದಲು ಎಣ್ಣೆಗೆ ಮರದ ಪುಡಿ ಸುರಿದು ಸದ್ದಡಗಿಸಿ ಮಾರಿದವರ ಕಥೆಗಳೂ ಇವೆ. ಹಳೆಯ ಕಾರು ಕೊಳ್ಳುವವರು ಎಣ್ಣೆಯ ಬೋಲ್ಟ್ ಬಿಚ್ಚಿ ಒಳಗೊಂದು ಬೆರಳು ಹಾಕಿ ನೋಡುವುದು ಮರ್ಯಾದೆಗೇಡೇನಲ್ಲ.

ಎಲ್ಲ ಜೋಡಿಸಿದ ಮೇಲೆ ಬಹಳ ಮಂದಿ ಮರೆಯುವುದು ಹೌಸಿಂಗ್, ಅಂದರೆ ಆಕ್ಸಲ್‌ನ ಹೊರಕವಚದ ಮೇಲಿನ ಒಂದು ಪುಟ್ಟ ಗಾಳಿಕಿಂಡಿಯನ್ನು. 30 ಡಿಗ್ರಿಯಲ್ಲಿದ್ದ ಆಕ್ಸಲ್ ಘಾಟಿ ಹತ್ತಿ 90 ಡಿಗ್ರಿ ಮುಟ್ಟಿದರೆ ಒಳಗಿನ ಗಾಳಿ ಐದನೇ ಒಂದರಷ್ಟು ಹಿಗ್ಗುತ್ತದೆ. ಕಿಂಡಿ ಕೆಸರಿನಿಂದ ಮುಚ್ಚಿದ್ದರೆ ಒತ್ತಡಕ್ಕೆ ಬೇರೆ ದಾರಿಯಿಲ್ಲ. ಎಣ್ಣೆ ಸೀಲ್ ದಾಟಿ ಹೊರಗೆ ಬರುತ್ತದೆ, ಡ್ರಮ್ಮಿನೊಳಗೆ ಸೇರಿ ಬ್ರೇಕ್ ಲೈನಿಂಗ್ ನೆನೆಸುತ್ತದೆ. ಹೊಸ ಸೀಲ್ ಹಾಕಿಸಿದರೂ ಸೋರುತ್ತಿದೆ ಅನ್ನುವವರು ಇನ್ನೊಂದು ಸೀಲ್ ಕೊಳ್ಳುವ ಮುಂಚೆ ಆ ಕಿಂಡಿಯಲ್ಲಿ ಒಂದು ತಂತಿ ಆಡಿಸಿ ನೋಡಲಿ.