ಮೊದಲ ವರ್ಷವೇ ಕಪ್ ಕೇಳಬೇಡಿ

ಹುಡುಗಿಯರ ಬಾಸ್ಕೆಟ್‌ಬಾಲ್ ಟೀಮಿಗೆ ಹೊಸ ಕೋಚ್ ಬಂದ ಕೂಡಲೇ ಕಾಲೇಜಿನವರು ಕೇಳುವುದು ಒಂದೇ: "ಮೇಡಂ, ಈ ಸಲ ಇಂಟರ್ ಕಾಲೇಜ್ ಕಪ್ ನಮ್ಮದೇ ಅಲ್ವಾ?" ಕಪ್ ಬರಲಿಲ್ಲ ಅಂದರೆ ಮುಂದಿನ ವರ್ಷ ಆ ಜಾಗದಲ್ಲಿ ಇನ್ನೊಬ್ಬರು. ಅವರು ಮತ್ತೆ ಮೊದಲಿಂದ ಶುರು ಮಾಡಬೇಕು. ಇದನ್ನೇ ನೋಡಿ ನೋಡಿ ಸಾಕಾಗಿದೆ.

ಮಾತಿಗೆ ಕೂತರೆ ಅಮೆರಿಕದ ಉದಾಹರಣೆ ಕೊಡುತ್ತಾರೆ. ಅಲ್ಲಿಯ ಕಾಲೇಜು ಬಾಸ್ಕೆಟ್‌ಬಾಲ್ ಕೋಚ್ ಪ್ಯಾಟ್ ಸಮಿಟ್ ಎಂಟು ಸಲ ರಾಷ್ಟ್ರೀಯ ಚಾಂಪಿಯನ್ ಪಟ್ಟ ಗೆದ್ದರಂತೆ. ಹೌದು, ಗೆದ್ದರು. ಯಾವಾಗಿಂದ ಗೆದ್ದರು ಅಂತಲೂ ನೋಡಿ. 1974ರಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯದ ಟೀಮು ಕೈಗೆ ಬಂದಾಗ ಅವರಿಗೆ 22 ವರ್ಷ, ತಿಂಗಳಿಗೆ 250 ಡಾಲರ್ ಸಂಬಳ. ಹುಡುಗಿಯರ ಜೆರ್ಸಿ ಒಗೆಯುವುದೂ ಅವರೇ, ವ್ಯಾನ್ ಓಡಿಸುವುದೂ ಅವರೇ. ಮೊದಲ ಮ್ಯಾಚನ್ನೇ 84-83ರಲ್ಲಿ ಸೋತರು. ಮೊದಲ ಸಲ ಆ ಪಟ್ಟ ಸಿಕ್ಕಿದ್ದು 1987ರಲ್ಲಿ, ಹದಿಮೂರನೇ ಸೀಸನ್‌ನಲ್ಲಿ! ಅಲ್ಲಿವರೆಗೆ ಎಷ್ಟೋ ಸಲ ಕೊನೆಯ ನಾಲ್ಕು ಟೀಮುಗಳಲ್ಲಿ ಒಂದಾಗಿ ಬರಿಗೈಲಿ ವಾಪಸಾಗಿದ್ದರು. ಆದರೂ ವಿಶ್ವವಿದ್ಯಾಲಯ ಅವರನ್ನು ಬಿಟ್ಟುಕೊಡಲಿಲ್ಲ. 2012ರಲ್ಲಿ ಆಲ್‌ಝೈಮರ್ ಕಾಯಿಲೆಯಿಂದಾಗಿ ಕೆಲಸ ಬಿಟ್ಟಾಗ 38 ಸೀಸನ್, 1,098 ಗೆಲುವು ಅವರ ಹೆಸರಲ್ಲಿತ್ತು.

ಒಂದು ಮಾತು ಸೇರಿಸಬೇಕು. ಅವರಿಗೆ ಒಂದು ಸೀಸನ್‌ನಲ್ಲೂ ಗೆಲುವಿಗಿಂತ ಸೋಲು ಜಾಸ್ತಿ ಆಗಿಲ್ಲ, ಹಾಗಾಗಿ ಎಲ್ಲ ಕೋಚ್‌ಗಳಿಗೂ ಹದಿಮೂರು ವರ್ಷ ಕೊಡಿ ಅಂತ ನಾನು ಹೇಳಲಾರೆ. ಆದರೆ ಡಾನ್ ಸ್ಟೇಲಿಯವರನ್ನು ನೋಡಿ. ಅಮೆರಿಕದ್ದೇ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಕೋಚ್ ಆಗಿ ಮೊದಲ ಸೀಸನ್‌ನಲ್ಲಿ ಗೆದ್ದಿದ್ದು 10, ಸೋತಿದ್ದು 18. ನಮ್ಮಲ್ಲಾಗಿದ್ದರೆ ಅಲ್ಲಿಗೇ ಮನೆಗೆ ಕಳಿಸುತ್ತಿದ್ದರು. 2017ರಲ್ಲಿ ಚಾಂಪಿಯನ್ ಆದರು, ಆಮೇಲೆ 2022ರಲ್ಲಿ, 2024ರಲ್ಲಿ.

ಯಾಕೆ ಇಷ್ಟು ಕಾಲ ಬೇಕು? ಬಾಕ್ಸ್ ಔಟ್ ಒಂದನ್ನೇ ತಗೊಳ್ಳಿ. ಬುಟ್ಟಿಗೆ ಬೀಳದೆ ಚಿಮ್ಮಿ ಬರುವ ಚೆಂಡು, ಅಂದರೆ ರಿಬೌಂಡ್, ಎದುರಾಳಿಗೆ ಸಿಗದಂತೆ ಅಡ್ಡ ನಿಲ್ಲುವುದು. ಎದುರು ಟೀಮಿನವರು ಶಾಟ್ ಹೊಡೆದರೆ ಎಲ್ಲರ ಕಣ್ಣೂ ಚೆಂಡಿನ ಹಿಂದೆ ಹೋಗುತ್ತದೆ. ನಾವು ಹೇಳಿಕೊಡುವುದು ಉಲ್ಟಾ. ಮೊದಲು ನಿನ್ನ ಪಾಲಿನ ಆಟಗಾರ್ತಿಯನ್ನು ಹುಡುಕು, ಅವಳಿಗೆ ಬೆನ್ನು ಕೊಟ್ಟು ಮಂಡಿ ಬಗ್ಗಿಸಿ ಅಗಲವಾಗಿ ನಿಲ್ಲು, ಆಮೇಲೆ ಚೆಂಡು. ಹೇಳೋಕೆ ಅರ್ಧ ನಿಮಿಷ. ಮೊದಲ ವರ್ಷದ ಹುಡುಗಿ ಪ್ರಾಕ್ಟೀಸ್‌ನಲ್ಲಿ ಮಾಡುತ್ತಾಳೆ, ಮ್ಯಾಚಲ್ಲಿ ಮರೆಯುತ್ತಾಳೆ. ಎರಡನೇ ವರ್ಷ ಮ್ಯಾಚಲ್ಲೂ ಮಾಡುತ್ತಾಳೆ, ಆದರೆ ನಾಲ್ಕನೇ ಕ್ವಾರ್ಟರ್‌ನಲ್ಲಿ ಸುಸ್ತಾದಾಗ ಬಿಟ್ಟುಬಿಡುತ್ತಾಳೆ. ಮೂರನೇ ವರ್ಷಕ್ಕೆ ಎಷ್ಟೇ ಸುಸ್ತಾಗಿದ್ದರೂ ಮೈ ತಾನಾಗಿ ತಿರುಗುತ್ತದೆ. ಅಷ್ಟೊತ್ತಿಗೆ ಡಿಗ್ರಿಯೇ ಮುಗಿಯುತ್ತಾ ಬಂದಿರುತ್ತದೆ.

ಅದರ ಮೇಲೆ ನಮ್ಮ ಹುಡುಗಿಯರಿಗೆ ಇನ್ನೊಬ್ಬರ ಮೈಗೆ ಒತ್ತಿ ನಿಲ್ಲುವುದೇ ಹೊಸದು. ಹಾಸನದ ಕಡೆಯಿಂದ ಬಂದ ಒಬ್ಬಳು ಇದ್ದಳು, ಎತ್ತರ, ಒಳ್ಳೆ ಕೈ. ಭುಜ ತಾಗಿದರೆ ಸಾಕು, ಆಟದ ಮಧ್ಯೆಯೇ "ಸಾರಿ ಅಕ್ಕ" ಅನ್ನುತ್ತಿದ್ದಳು. ಆ ಅಕ್ಕ ಅಷ್ಟರಲ್ಲಿ ರಿಬೌಂಡ್ ಹಿಡಿದು ಬುಟ್ಟಿಗೆ ಹಾಕಿರುತ್ತಿದ್ದಳು. ಇದನ್ನು ಬಿಡಿಸೋಕೆ ಒಂದು ವರ್ಷ ಹಿಡಿಯಿತು. ಎರಡನೇ ವರ್ಷ ಅವಳೇ ಜೂನಿಯರ್‌ಗಳಿಗೆ "ಬೆನ್ನು ಕೊಡೇ!" ಅಂತ ಕೂಗುತ್ತಿದ್ದಳು. ಮೂರನೇ ವರ್ಷಕ್ಕೆ ಕಾಲೇಜು ಕೋಚನ್ನು ಬದಲಾಯಿಸಿತು. ಬಂದವರು ಒಳ್ಳೆಯ ಕೋಚೇ. ಆದರೆ ಅವರದು ಝೋನ್ ಡಿಫೆನ್ಸ್. ಅದರಲ್ಲಿ ಕಾಯುವುದು ಜಾಗವನ್ನು, ಆಟಗಾರ್ತಿಯನ್ನಲ್ಲ. ಒಂದು ರಾತ್ರಿ ಹುಡುಗಿ ನನಗೆ ಫೋನ್ ಮಾಡಿ ಕೇಳಿದಳು, "ಮೇಡಂ, ಈಗ ಅವರು ಶಾಟ್ ಹೊಡೆದರೆ ನಾನು ಯಾರಿಗೆ ಬೆನ್ನು ಕೊಡಲಿ?" ಝೋನ್‌ನಲ್ಲೂ ಅದಕ್ಕೆ ದಾರಿ ಇದೆ, ಆದರೆ ಹೊಸದಾಗಿ ಕಲಿಯಬೇಕು. ಅವಳಿಗೆ ಉಳಿದಿದ್ದು ಒಂದೇ ಸೀಸನ್. ಅವಳ ದನಿ ಕೇಳಿ ನನಗೆ ತುಂಬಾ ಸಂಕಟವಾಯಿತು.

ಹಾಗಾದರೆ ಕೆಲಸ ಮಾಡದ ಕೋಚನ್ನೂ ಇಟ್ಟುಕೊಳ್ಳಬೇಕಾ ಅಂತ ಕೇಳುತ್ತೀರಿ. ಬೇಡ. ಆದರೆ ಅದನ್ನು ಕಪ್‌ನಿಂದ ಅಳೆಯಬೇಡಿ. ಸುಮ್ನೆ ಒಂದು ಸಂಜೆ ಪ್ರಾಕ್ಟೀಸಿಗೆ ಬಂದು ಕೂತ್ಕೊಳ್ಳಿ. ಕೋಚ್ ಫೋನಲ್ಲಿದ್ದಾಗ ಎರಡನೇ ವರ್ಷದವರು ಮೊದಲ ವರ್ಷದವರಿಗೆ ಹೇಳಿಕೊಡುತ್ತಿದ್ದಾರಾ? ಬೆಂಚಿನಲ್ಲಿ ಕೂರುವ ಹುಡುಗಿಯರು ಡಿಸೆಂಬರ್‌ನಲ್ಲೂ ಬರುತ್ತಿದ್ದಾರಾ? ಪರೀಕ್ಷೆಯಲ್ಲಿ ಎಷ್ಟು ಜನ ಪಾಸು? ಸಮಿಟ್ ತಮ್ಮ ಹುಡುಗಿಯರನ್ನು ಕ್ಲಾಸಿನ ಮೊದಲ ಮೂರು ಸಾಲಲ್ಲೇ ಕೂರಿಸುತ್ತಿದ್ದರು. ಅವರ ಬಳಿ ಪೂರ್ತಿ ಅವಧಿ ಆಡಿದವರೆಲ್ಲ ಡಿಗ್ರಿ ಮುಗಿಸಿದ್ದಾರೆ.

ಇವುಗಳಿಗೆ ಎರಡು ವರ್ಷವಾದರೂ ಉತ್ತರ ಸಿಗದಿದ್ದರೆ ಕೋಚ್ ಜೊತೆ ಕೂತು ಮಾತಾಡಿ. ಮುಂದಿನ ವರ್ಷದ ಕರಾರು ಮಾಡುವಾಗ ಮಾತ್ರ ಹತ್ತು ತಿಂಗಳು ಅಂತ ಬರೆಯಬೇಡಿ. ಮೂರು ವರ್ಷ ಅಂತ ಬರೆಯಿರಿ.