ಬೇಸಿಗೆ ರಜೆಯ ಸಂಶೋಧನೆಗೆ ದುಡ್ಡೂ ಕೊಡ್ತಾರಾ? ಕೋಲಾರದ ವಿದ್ಯಾರ್ಥಿನಿಯ ಪ್ರಶ್ನೆ

ಪ್ರಶ್ನೆ: ನಾನು ಕೋಲಾರ ತಾಲ್ಲೂಕಿನ ಹಳ್ಳಿಯವಳು. ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ, ರಸಾಯನಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಮುಂದೆ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಬೇಕು ಅಂತ ಆಸೆ. ಬೇಸಿಗೆ ರಜೆಯಲ್ಲಿ ಸಂಶೋಧನಾ ಇಂಟರ್ನ್‌ಶಿಪ್ ಮಾಡಿದರೆ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಡುತ್ತಾರಂತೆ. ನಿಜವಾ? ನಮ್ಮಂಥ ಕಾಲೇಜಿನವರಿಗೆ ಸಿಗುತ್ತಾ?

ಉತ್ತರ: ನಿಜ, ಕೊಡುತ್ತಾರೆ. ನಿಮ್ಮಂಥ ಕಾಲೇಜಿನವರಿಗೂ ಸಿಗುತ್ತದೆ. ಆದರೆ ಈ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದು ಮಾರ್ಚ್ ಕೊನೆಗೋ ಏಪ್ರಿಲ್‌ನಲ್ಲೋ, ರಜೆ ಕಣ್ಣಿಗೆ ಕಂಡಾಗ. ಅಷ್ಟು ಹೊತ್ತಿಗೆ ಒಳ್ಳೆಯ ಕಡೆಯ ಸೀಟೆಲ್ಲ ಮುಗಿದಿರುತ್ತವೆ. ಮೇ ತಿಂಗಳ ಕೆಲಸಕ್ಕೆ ಅರ್ಜಿ ಹಾಕುವುದು ಅದರ ಹಿಂದಿನ ದಸರಾ, ದೀಪಾವಳಿ ಹೊತ್ತಿಗೆ. ಇದೊಂದು ಗೊತ್ತಿಲ್ಲದೆ ನಮ್ಮ ಕಡೆಯ ಎಷ್ಟೋ ಜಾಣ ಮಕ್ಕಳು ಹೊರಗೆ ಉಳಿಯುತ್ತಾರೆ. ಬೆಂಗಳೂರಿನ ದೊಡ್ಡ ಕಾಲೇಜುಗಳಲ್ಲಿ ಸೀನಿಯರ್‌ಗಳು ಜೂನಿಯರ್‌ಗಳಿಗೆ ಹೇಳಿರುತ್ತಾರೆ. ನಮ್ಮಲ್ಲಿ ಹೇಳುವವರು ಕಡಿಮೆ.

ನೀವು ಮೊದಲು ನೋಡಬೇಕಾದದ್ದು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ಅಂದರೆ ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಸಂಸ್ಥೆ, ಇದರಲ್ಲಿ ಒಂದು. ಉಳಿದೆರಡು ದೆಹಲಿ ಮತ್ತು ಪ್ರಯಾಗರಾಜ್‌ನವು. ಕೆಲಸ ಸುಮಾರು 8 ವಾರ. ಇತ್ತೀಚಿನ ವರ್ಷಗಳಲ್ಲಿ ವಿದ್ಯಾರ್ಥಿಗಳಿಗೆ ತಿಂಗಳಿಗೆ 12,500 ರೂಪಾಯಿ ಕೊಟ್ಟಿದ್ದಾರೆ, ಹೋಗಿಬರುವ ರೈಲು ಟಿಕೆಟ್ ಹಣ ಬೇರೆ. ಅರ್ಜಿ ಸಾಮಾನ್ಯವಾಗಿ ನವೆಂಬರ್ ಕೊನೆಯ ಹೊತ್ತಿಗೆ ಮುಚ್ಚುತ್ತದೆ. ಯಾವ ವರ್ಷದವರು ಹಾಕಬಹುದು, ಎಷ್ಟು ಅಂಕ ಇರಬೇಕು ಅನ್ನುವುದನ್ನು ಆ ವರ್ಷದ ಪ್ರಕಟಣೆಯಲ್ಲೇ ಓದಿಕೊಳ್ಳಿ. ಅಲ್ಲಿನ ವಿಷಯಗಳ ಪಟ್ಟಿಯಲ್ಲಿ ‘ಪರಿಸರ ವಿಜ್ಞಾನ’ ಅಂತ ಬೇರೆ ಕಾಲಂ ಹುಡುಕಬೇಡಿ. ಜೀವ ವಿಜ್ಞಾನ, ಭೂ ಮತ್ತು ಗ್ರಹ ವಿಜ್ಞಾನ, ರಸಾಯನಶಾಸ್ತ್ರ ಹೀಗೆ ದೊಡ್ಡ ಗುಂಪುಗಳಿರುತ್ತವೆ. ಕೆರೆಯ ಮೀನು, ಹಕ್ಕಿ, ಪಾಚಿ ನಿಮ್ಮ ಆಸಕ್ತಿಯಾದರೆ ಜೀವ ವಿಜ್ಞಾನ. ಅಂತರ್ಜಲ, ಮಳೆ, ಮಣ್ಣು ಅಂದರೆ ಭೂ ವಿಜ್ಞಾನ.

ಇನ್ನೊಂದು ದಾರಿ ಇನ್‌ಸ್ಪೈರ್ ಸ್ಕಾಲರ್‌ಶಿಪ್. ಇದು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದು. ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 20,000 ಬೇಸಿಗೆ ಪ್ರಾಜೆಕ್ಟಿಗೆ ಅಂತಲೇ ಮೀಸಲು. ಪಿಯುಸಿಯಲ್ಲಿ ನಿಮ್ಮ ಬೋರ್ಡಿನ ಮೊದಲ ಶೇಕಡಾ 1ರೊಳಗೆ ಬಂದು ಮೂಲ ವಿಜ್ಞಾನ ತೆಗೆದುಕೊಂಡವರಿಗೆ ಇದು. ಪದವಿಯ ಮೊದಲ ವರ್ಷದಲ್ಲೇ ಹಾಕಿರಬೇಕು, ಆದ್ದರಿಂದ ನಿಮಗೆ ಈಗ ತಡವಾಯಿತು. ನಿಮ್ಮ ತಂಗಿಯೋ ತಮ್ಮನೋ ಪಿಯುಸಿಯಲ್ಲಿದ್ದರೆ ಅವರ ಕಿವಿಗೆ ಹಾಕಿ. ಈಗಾಗಲೇ ಈ ಸ್ಕಾಲರ್‌ಶಿಪ್ ಇರುವವರಲ್ಲೂ ಕೆಲವರು ಬೇಸಿಗೆಯ ಕಾಗದಪತ್ರವನ್ನು ಹೇಗೋ ಮುಗಿಸಿಬಿಡುತ್ತಾರೆ. ಅದು ನಷ್ಟ. ದುಡ್ಡು ಕೈಯಲ್ಲೇ ಇರುವ ವಿದ್ಯಾರ್ಥಿ ಯಾವ ಪ್ರೊಫೆಸರ್ ಹತ್ತಿರ ಹೋದರೂ ‘ನನಗೆ ಸ್ಟೈಪೆಂಡ್ ಬೇಡ, ಕೆಲಸ ಕಲಿಸಿ ಸಾಕು’ ಅನ್ನಬಹುದು. ಅಂಥವರಿಗೆ ಬಾಗಿಲು ಬೇಗ ತೆರೆಯುತ್ತದೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ತನ್ನದೇ ಬೇಸಿಗೆ ಫೆಲೋಶಿಪ್ ಇದೆ. ಗುಜರಾತಿನ ಗಾಂಧಿನಗರದ ಐಐಟಿಯಲ್ಲೂ ಇದೆ, ಹಿಂದಿನ ವರ್ಷಗಳಲ್ಲಿ ವಾರಕ್ಕೆ 2,000 ರೂಪಾಯಿ ಕೊಟ್ಟಿದ್ದಾರೆ. ಜಕ್ಕೂರಿನಲ್ಲೇ ಇರುವ ಏಟ್ರೀ ಸಂಸ್ಥೆ ಕೆರೆ, ಕಾಡು, ನೀರಿನ ಮೇಲೆಯೇ ಕೆಲಸ ಮಾಡುತ್ತದೆ. ಅಲ್ಲಿ ಅವಕಾಶಗಳು ಆಯಾ ಪ್ರಾಜೆಕ್ಟಿಗೆ ತಕ್ಕಂತೆ ಬರುತ್ತವೆ, ದುಡ್ಡೂ ಹಾಗೆಯೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಗಳ ಕೇಂದ್ರ 1983ರಿಂದ ಇದೆ. ಅಲ್ಲಿನ ಪ್ರೊಫೆಸರ್‌ಗಳಿಗೆ ನೇರವಾಗಿ ಇಮೇಲ್ ಬರೆಯಬಹುದು.

ಅಮೆರಿಕದ ‘ಆರ್‌ಇಯು’ ಅನ್ನುವ ಬೇಸಿಗೆ ಕಾರ್ಯಕ್ರಮದ ಜಾಹೀರಾತು ಫೋನಿನಲ್ಲಿ ಕಂಡರೆ ಆಸೆಪಡಬೇಡಿ. ಒಂದು ಬೇಸಿಗೆಗೆ ಸಾವಿರಾರು ಡಾಲರ್ ಕೊಡುವುದು ನಿಜವೇ, ಆದರೆ ಅದು ಅಮೆರಿಕದ ನಾಗರಿಕರು ಮತ್ತು ಅಲ್ಲಿನ ಕಾಯಂ ನಿವಾಸಿಗಳಿಗೆ ಮಾತ್ರ. ಕೆನಡಾದ ಮಿಟಾಕ್ಸ್ ಗ್ಲೋಬಲಿಂಕ್ ಭಾರತದವರನ್ನೂ ತೆಗೆದುಕೊಳ್ಳುತ್ತಾ ಬಂದಿದೆ. 12 ವಾರದ ಕೆಲಸ, ಪೈಪೋಟಿ ವಿಪರೀತ. ಮೊದಲ ಸಲಕ್ಕೆ ಬೆಂಗಳೂರೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಈಗ ನಿಮ್ಮ ಪ್ರಶ್ನೆಯ ಎರಡನೇ ಭಾಗ, ‘ನಮ್ಮಂಥ ಕಾಲೇಜು’. ಕಾಲೇಜಿನ ಹೆಸರು ನೋಡುವವರು ಇದ್ದಾರೆ, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಅಕಾಡೆಮಿಗಳ ಅರ್ಜಿಯಲ್ಲಿ ಅಂಕಪಟ್ಟಿ, ಮೇಷ್ಟ್ರ ಶಿಫಾರಸು ಪತ್ರದ ಜೊತೆಗೆ ಒಂದು ಪುಟ್ಟ ಬರಹ ಕೇಳುತ್ತಾರೆ, ಒಂದು ಪುಟವೂ ಆಗದಷ್ಟು. ಏನು ಮಾಡಬೇಕು ಅಂದುಕೊಂಡಿದ್ದೀರಿ, ಯಾಕೆ ಅನ್ನುವುದು ಅದರಲ್ಲಿ ಬರಬೇಕು. ಹೆಚ್ಚಿನ ಅರ್ಜಿಗಳು ಸೋಲುವುದು ಅಲ್ಲೇ. ‘ಪರಿಸರವೆಂದರೆ ನನಗೆ ಬಾಲ್ಯದಿಂದಲೂ ಪ್ರೀತಿ, ಜಾಗತಿಕ ತಾಪಮಾನ ಇಂದಿನ ದೊಡ್ಡ ಸವಾಲು’ ಅಂತ ಶುರುವಾಗುವ ಬರಹ ಓದಿ ಓದಿ ಅವರಿಗೆ ಸಾಕಾಗಿರುತ್ತದೆ. ದೆಹಲಿಯ ಹುಡುಗನೂ ಅದನ್ನೇ ಬರೆದಿರುತ್ತಾನೆ, ಕೊಚ್ಚಿಯ ಹುಡುಗಿಯೂ ಅದನ್ನೇ.

ನೀವು ಕೋಲಾರದವರು. ನಿಮ್ಮ ಹತ್ತಿರ ಅವರ್‍ಯಾರ ಹತ್ತಿರವೂ ಇಲ್ಲದ ವಿಷಯ ಇದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಪಾಲಾರ್ ಇದೆ ಅಂದರೂ ಅದರಲ್ಲಿ ನೀರು ಕಂಡವರು ಅಪರೂಪ. ಇಂಥ ಜಿಲ್ಲೆಯ ಕೆರೆಗಳಿಗೆ 2018ರ ಜೂನ್‌ನಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹರಿಸುತ್ತಿದ್ದಾರೆ. ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು. ದಿನಕ್ಕೆ 440 ದಶಲಕ್ಷ ಲೀಟರ್ ತರುವುದು ಯೋಜನೆಯ ಲೆಕ್ಕ. ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂದು, ಅಲ್ಲಿಂದ ಒಂದು ಕೆರೆ ತುಂಬಿ ಕೋಡಿ ಹರಿದು ಇನ್ನೊಂದಕ್ಕೆ ಹೋಗುತ್ತದೆ. ಕುಡಿಯಲಿಕ್ಕಲ್ಲ, ಅಂತರ್ಜಲ ಏರಿಸಲಿಕ್ಕೆ. ಶುರುವಾದ ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟಿಗೆ ಹೋಗಿ ತಾತ್ಕಾಲಿಕ ತಡೆಯೂ ಬಂತು. ಆಮೇಲೆ ಮತ್ತೆ ಹರಿಯಿತು. ಬತ್ತಿದ ಬೋರ್‌ವೆಲ್‌ನಲ್ಲಿ ನೀರು ಬಂತು ಅಂತ ಖುಷಿಪಟ್ಟ ರೈತರಿದ್ದಾರೆ. ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಆಗಲಿ ಅಂತ ಹೋರಾಡುತ್ತಿರುವವರೂ ಇದ್ದಾರೆ.

ಇದರಲ್ಲಿ ಬಿ.ಎಸ್ಸಿ. ಹುಡುಗಿ ಕೇಳಬಹುದಾದ ಪ್ರಶ್ನೆ ಎಷ್ಟು ಬೇಕು? ಎರಡನೇ ಹಂತದ ಸಂಸ್ಕರಣೆಯಲ್ಲಿ ಕೊಳೆಯುವ ಅಂಶ ಬಹುಪಾಲು ಹೋಗುತ್ತದೆ. ಸಾರಜನಕ, ರಂಜಕ ಅಷ್ಟಾಗಿ ಹೋಗುವುದಿಲ್ಲ. ಅವು ಕೆರೆಗೆ ಬಂದರೆ ಪಾಚಿಗೆ ಗೊಬ್ಬರ ಹಾಕಿದ ಹಾಗೆ. ಹಾಗಾದರೆ ಈ ನೀರು ಬರುವ ಕೆರೆ ಮತ್ತು ಬಾರದ ಪಕ್ಕದೂರಿನ ಕೆರೆ, ಎರಡರ ಬದಿಯ ಬಾವಿಗಳಲ್ಲಿ ನೈಟ್ರೇಟ್ ಎಷ್ಟೆಷ್ಟಿದೆ? ಸಾಲಿನ ಮೊದಲ ಕೆರೆಗೂ ಕೊನೆಯ ಕೆರೆಗೂ ಏನು ವ್ಯತ್ಯಾಸ? ಇದು 8 ವಾರದಲ್ಲಿ ಕೈಹಾಕಬಹುದಾದ ಕೆಲಸ. ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ಇನ್ನೊಂದು ವಿಷಯ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸರಿ ಅನ್ನುತ್ತದೆ ಭಾರತೀಯ ಮಾನಕ. ಕೆರೆ ತುಂಬಿದ ಮೇಲೆ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇಳಿಯಿತಾ, ಹಾಗೇ ಇದೆಯಾ? ಕೆಜಿಎಫ್ ಕಡೆಯವರಾದರೆ 2001ರಲ್ಲಿ ಗಣಿ ಮುಚ್ಚಿದ ಮೇಲೂ ಉಳಿದ ಸೈನೈಡ್ ಗುಡ್ಡಗಳಿವೆ, ಅಂದರೆ ಚಿನ್ನ ತೆಗೆದ ಮೇಲೆ ಸುರಿದ ಅದಿರಿನ ಪುಡಿಯ ರಾಶಿಗಳು, ಗಾಳಿಗೆ ಅಲ್ಲಿಂದ ಏಳುವ ದೂಳಿದೆ. ಪಾವಗಡದವರಿಗೆ ಸೋಲಾರ್ ಪಾರ್ಕ್, ಚಿಕ್ಕಬಳ್ಳಾಪುರದವರಿಗೆ ಎಚ್.ಎನ್. ವ್ಯಾಲಿ, ಅಂದರೆ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರು. ನಿಮ್ಮ ಊರಿನ ಹೆಸರು, ನೀವು ಕಣ್ಣಾರೆ ಕಂಡದ್ದು, ಅದರಿಂದ ಹುಟ್ಟಿದ ಒಂದು ಪ್ರಶ್ನೆ, ಅದನ್ನು ಅಳೆಯುವ ದಾರಿ. ಇಷ್ಟಿದ್ದರೆ ಆ ಬರಹ ನಿಲ್ಲುತ್ತದೆ. ಇಂಗ್ಲಿಷಿನಲ್ಲೇ ಬರೆಯಬೇಕು, ಆದರೆ ಸಾದಾ ಇಂಗ್ಲಿಷ್ ಸಾಕು. ದೊಡ್ಡ ಪದ ಹುಡುಕಲು ಹೋಗಿ ಅರ್ಥ ಕೆಡಿಸಿಕೊಳ್ಳಬೇಡಿ. ಪೂರ್ತಿ ಬೇರೆಯವರಿಂದ, ಅಥವಾ ಫೋನಿನ ಆ್ಯಪ್‌ನಿಂದ ಬರೆಸಿಕೊಂಡರೆ ಅದು ಮತ್ತೆ ದೆಹಲಿ ಹುಡುಗನ ಬರಹದ ಥರವೇ ಆಗುತ್ತದೆ.

ಆಯ್ಕೆಯಾದರೆ ನಿಮ್ಮೂರಿನ ಕೆರೆಯ ಮೇಲೆಯೇ ಕೆಲಸ ಕೊಡುತ್ತಾರೆ ಅಂತಲ್ಲ. ಗೈಡ್ ಯಾವುದು ಹೇಳುತ್ತಾರೋ ಅದನ್ನು ಮಾಡಬೇಕು. ಎಂಟು ವಾರ ಬೇರೆ ಯಾರದೋ ಮಣ್ಣಿನ ಸ್ಯಾಂಪಲ್ ಜರಡಿ ಹಿಡಿಯುವುದೂ ಆಗಬಹುದು. ಅದರಿಂದಲೂ ಕಲಿಯುವುದು ಬೇಕಾದಷ್ಟಿದೆ.

ಇನ್ನು ದುಡ್ಡಿನ ಲೆಕ್ಕ. ಕೋಲಾರದಿಂದ ದಿನಾ ಹೋಗಿಬರುತ್ತೇನೆ ಅನ್ನುವುದು ಕಷ್ಟ. ಬಸ್ಸು ಹೊಸಕೋಟೆ, ಕೆ.ಆರ್. ಪುರ ದಾಟಿ ಬರುವಷ್ಟರಲ್ಲಿ ಅರ್ಧ ಸುಸ್ತು, ಅಲ್ಲಿಂದ ಜಕ್ಕೂರಿಗೋ ಯಶವಂತಪುರಕ್ಕೋ ಇನ್ನೊಂದು ಬಸ್ಸು. ಚಿಕ್ಕಬಳ್ಳಾಪುರದವರಿಗೆ ಈ ವಿಷಯದಲ್ಲಿ ಅದೃಷ್ಟ. ಅವರ ಬಸ್ಸು ಬರುವ ಬಳ್ಳಾರಿ ರಸ್ತೆಯಲ್ಲೇ ಜಕ್ಕೂರು, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಎರಡೂ ಸಿಗುತ್ತವೆ. ತುಮಕೂರಿನವರು ರೈಲಿನಲ್ಲಿ ಬಂದು ಯಶವಂತಪುರದಲ್ಲಿ ಇಳಿದರೆ ವಿಜ್ಞಾನ ಸಂಸ್ಥೆ ಹತ್ತಿರವೇ. ನೀವು ಹೆಣ್ಣುಮಗಳಾದ್ದರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿಗೆ ಟಿಕೆಟ್ ಹಣ ಇಲ್ಲ, ವಾರಕ್ಕೊಮ್ಮೆ ಮನೆಗೆ ಬಂದುಹೋಗಬಹುದು. ಉಳಿಯಲು ಸಂಸ್ಥೆಯ ಹಾಸ್ಟೆಲ್ ಸಿಗುತ್ತಾ ಅಂತ ಮೊದಲೇ ಕೇಳಿ. ಸಿಕ್ಕರೆ ಸ್ಟೈಪೆಂಡ್‌ನಲ್ಲಿ ಸ್ವಲ್ಪ ಉಳಿಯುತ್ತದೆ. ಪಿ.ಜಿ. ಹಿಡಿದರೆ ಊಟ-ಬಾಡಿಗೆಗೇ ಹೆಚ್ಚುಕಡಿಮೆ ಎಲ್ಲ ಹೋಗುತ್ತದೆ. ಎಷ್ಟೋ ಕಡೆ ಹಣ ಕೆಲಸ ಮುಗಿದು ವರದಿ ಕೊಟ್ಟ ಮೇಲೆ ಬರುತ್ತದೆ. ಮೊದಲ ತಿಂಗಳ ಖರ್ಚಿಗೆ ಮನೆಯಲ್ಲಿ ಹೇಳಿಟ್ಟಿರಿ.

ದುಡ್ಡು ನೀವೇ ಕಟ್ಟಬೇಕು ಅನ್ನುವ ಇಂಟರ್ನ್‌ಶಿಪ್‌ಗಳೂ ಸಾಕಷ್ಟಿವೆ. ‘ಇಷ್ಟು ಸಾವಿರ ಕಟ್ಟಿ, ಎರಡು ವಾರದಲ್ಲಿ ಪರಿಸರ ಸಂಶೋಧನೆಯ ಸರ್ಟಿಫಿಕೇಟ್’ ಅಂತ ವಾಟ್ಸಾಪ್‌ನಲ್ಲಿ ಬಂದರೆ ಸುಮ್ನೆ ಡಿಲೀಟ್ ಮಾಡಿ. ಸಂಬಳವಿಲ್ಲದ ಆದರೆ ನಿಜವಾದ ಕೆಲಸ ಬೇರೆ ಮಾತು. ಮನೆಯಲ್ಲಿ ಟೊಮೆಟೊ ಬಿಡಿಸಲು ನಿಮ್ಮ ಕೈ ಬೇಕಾಗಿಲ್ಲದಿದ್ದರೆ, ಊಟ-ಓಡಾಟ ಕೊಡುವ ಕಡೆ ಒಂದು ಬೇಸಿಗೆ ಹೋಗಬಹುದು. ಬಿಟ್ಟಿ ಕೆಲಸ ಮಾಡಿದವರೇ ಶ್ರದ್ಧೆಯವರು ಅನ್ನುವ ಮಾತನ್ನು ಮಾತ್ರ ನಂಬಬೇಡಿ.

ನಿಜವಾದ ತಲೆನೋವು ಪರೀಕ್ಷೆಯ ವೇಳಾಪಟ್ಟಿ. ಈ ಫೆಲೋಶಿಪ್‌ಗಳು ಮೇ, ಜೂನ್, ಜುಲೈಯಲ್ಲಿ ನಡೆಯುತ್ತವೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅದೇ ಹೊತ್ತಿಗೆ ಸೆಮಿಸ್ಟರ್ ಇನ್ನೂ ನಡೆಯುತ್ತಿರಬಹುದು, ಪರೀಕ್ಷೆ ಮುಂದಕ್ಕೂ ಹೋಗಬಹುದು. ಆಯ್ಕೆಯ ಪತ್ರ ಬಂದ ದಿನವೇ ಗೈಡ್‌ಗೆ ಇದನ್ನು ಬರೆದು ತಿಳಿಸಿ, ಶುರುವಿನ ದಿನಾಂಕ ಹಿಂದೆಮುಂದೆ ಮಾಡಲು ಹೆಚ್ಚಿನವರು ಒಪ್ಪುತ್ತಾರೆ. ಕಾಲೇಜಿನಿಂದ ಎನ್‌ಒಸಿ, ಅಂದರೆ ನಮ್ಮ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಬೇಕಾಗುತ್ತದೆ. ಹಾಜರಾತಿಯ ವಿಷಯವನ್ನು ಪ್ರಿನ್ಸಿಪಾಲರ ಹತ್ತಿರ ಬಾಯಿಮಾತಲ್ಲಿ ಬಿಡದೆ ಬರಹದಲ್ಲಿ ತೆಗೆದುಕೊಳ್ಳಿ.

ಶಿಫಾರಸು ಪತ್ರಕ್ಕೆ ಎಚ್‌ಒಡಿಯೇ ಆಗಬೇಕೆಂದಿಲ್ಲ. ಪ್ರಾಕ್ಟಿಕಲ್‌ನಲ್ಲಿ ನಿಮ್ಮ ಕೆಲಸ ನೋಡಿರುವ, ನಿಮ್ಮ ಹೆಸರು ಹಿಡಿದು ಕರೆಯುವ ಮೇಡಂ ಬರೆದರೆ ಅದರ ತೂಕ ಜಾಸ್ತಿ. ನಿಮ್ಮ ಬರಹದ ಕರಡನ್ನು ಅಕ್ಟೋಬರ್‌ನಲ್ಲೇ ಅವರ ಕೈಗೆ ಕೊಡಿ, ನವೆಂಬರ್ 29ರ ರಾತ್ರಿ ಫೋನ್ ಮಾಡುವ ಹಾಗೆ ಮಾಡಿಕೊಳ್ಳಬೇಡಿ.