ಆ ‘ಚೀಟ್’ ಮೋಸವಲ್ಲ, ಮೇಷ್ಟ್ರೇ

ಕಳೆದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಕಚೇರಿಯಿಂದ ಹೋಗಿದ್ದ ಇಂಗ್ಲಿಷ್ ಅಭಿಪ್ರಾಯಪತ್ರವನ್ನು ನನ್ನ ಮೇಜಿನ ಮೇಲೆ ಹರಡಿದರು. ‘ಎಸ್‌ಚೀಟ್’ (escheat) ಎಂಬ ಪದದ ಸುತ್ತ ಕೆಂಪು ಶಾಯಿಯ ವೃತ್ತ, ಕೊನೆಯ ಐದು ಅಕ್ಷರಗಳ ಕೆಳಗೆ ಎರಡೆರಡು ಗೆರೆ. “ವಕೀಲರೇ, ನನ್ನ ಮನೆಯ ಕಾಗದದಲ್ಲಿ ಮೋಸದ ಮಾತು ಯಾಕೆ ಬಂತು?”

ವರ್ಷಕ್ಕೆ ಎರಡು ಸಲವಾದರೂ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ತಪ್ಪು ನಮ್ಮದೂ ಹೌದು. ಎಸ್‌ಚೀಟ್ ಎಂದರೆ ವಾರಸುದಾರರಿಲ್ಲದ ಆಸ್ತಿ ಸರಕಾರಕ್ಕೆ ಸೇರುವುದು; ‘ವಾರಸುದಾರರಿಲ್ಲದ ಆಸ್ತಿ’ ಎಂದೇ ಬರೆದಿದ್ದರೆ ಮುಗಿಯುತ್ತಿತ್ತು.

ಪದದ ಬೇರು ಲ್ಯಾಟಿನ್‌ನಲ್ಲಿದೆ. ‘ಎಕ್ಸ್’ ಎಂದರೆ ಹೊರಗೆ, ‘ಕಾದೆರೆ’ ಎಂದರೆ ಬೀಳು. ಹಳೆಯ ಫ್ರೆಂಚ್‌ಗೆ ಬರುವಾಗ ಅದು ‘ಪಾಲಿಗೆ ಬಿದ್ದದ್ದು’ ಎಂದಾಯಿತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಉತ್ತರಾಧಿಕಾರಿ ಇಲ್ಲದೆ ಸತ್ತವನ, ಘೋರ ಅಪರಾಧ ಮಾಡಿದವನ ಭೂಮಿ ಅವನ ಮೇಲಿನ ಒಡೆಯನಿಗೆ ಮರಳುತ್ತಿತ್ತು. ಅರಸನ ಪಾಲನ್ನು ವಸೂಲು ಮಾಡಲು ‘ಎಸ್‌ಚೀಟರ್’ ಎಂಬ ಅಧಿಕಾರಿಗಳೇ ಇದ್ದರು. ಜನ ಅವರನ್ನು ಎಷ್ಟು ನಂಬಿದ್ದರೆಂದರೆ, ಪದದ ತಲೆ ಕಳಚಿ ಉಳಿದ ‘ಚೀಟ್’ 16ನೆಯ ಶತಮಾನದ ಕೊನೆಗೆ ವಂಚನೆ ಎಂಬ ಅರ್ಥವನ್ನೇ ಪಡೆಯಿತು. ಅಂದರೆ ಮೇಷ್ಟ್ರು ಕಂಡದ್ದು ಮಗುವನ್ನು, ಬೈದದ್ದು ತಾಯಿಯನ್ನು.

ನಮ್ಮಲ್ಲೂ ಇದಕ್ಕೆ ಪದವಿತ್ತು: ರಾಜಗಾಮಿ, ಎಂದರೆ ರಾಜನಿಗೆ ಸೇರುವುದು. ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ ಮಕ್ಕಳಿಲ್ಲದೆ, ಹಡಗು ಮುಳುಗಿ ಸತ್ತ ವ್ಯಾಪಾರಿ ಧನಮಿತ್ರನ ಸಂಪತ್ತು ರಾಜಗಾಮಿ ಎಂದು ಮಂತ್ರಿ ಬರೆದು ಕಳುಹಿಸುತ್ತಾನೆ. ಆತನ ಹೆಂಡತಿಯರಲ್ಲಿ ಯಾರಾದರೂ ಗರ್ಭಿಣಿಯೇ ವಿಚಾರಿಸಿ ಎನ್ನುತ್ತಾನೆ ದುಷ್ಯಂತ. ಒಬ್ಬಳಿದ್ದಾಳೆ ಎಂದು ತಿಳಿದಾಗ, ಹುಟ್ಟಲಿರುವ ಮಗುವಿಗೇ ಆ ಹಣ ಸಲ್ಲಬೇಕೆಂದು ಆಜ್ಞೆ ಮಾಡುತ್ತಾನೆ.

ನನ್ನ ಕಕ್ಷಿದಾರರ ತಲೆಗೆ ಹೋಗದಿರುವುದು ದುಷ್ಯಂತನ ಈ ಪ್ರಶ್ನೆಯೇ. ಮಕ್ಕಳಿಲ್ಲ ಎಂದರೆ ವಾರಸುದಾರರಿಲ್ಲ ಎಂದಲ್ಲ. ಮತ್ತೆ ಹೇಳುತ್ತೇನೆ: ಮಕ್ಕಳಿಲ್ಲ ಎಂದ ಮಾತ್ರಕ್ಕೆ ಸರಕಾರ ಮನೆಗೆ ಬೀಗ ಹಾಕುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ ಮಕ್ಕಳು ತಾಯಿ ಇಲ್ಲದಿದ್ದರೆ ತಂದೆ, ಒಡಹುಟ್ಟಿದವರು, ಅವರ ಮಕ್ಕಳು, ಆಮೇಲೆ ದೂರದ ದಾಯಾದಿಗಳು, ಹೆಣ್ಣುಮಕ್ಕಳ ಕಡೆಯ ನೆಂಟರು ಎಂದು ಸಾಲು ಉದ್ದವಿದೆ. ಒಬ್ಬರೂ ಸಿಗದಿದ್ದರೆ ಮಾತ್ರ 29ನೆಯ ಕಲಮಿನಂತೆ ಆಸ್ತಿ ಸರಕಾರಕ್ಕೆ, ಅದರ ಋಣಭಾರದ ಸಮೇತ. ವಾರಸುದಾರರಿಲ್ಲ ಎಂದು ಸಾಬೀತು ಮಾಡುವ ಹೊಣೆಯೂ ಸರಕಾರದ್ದೇ ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ಹೇಳಿದೆ. ಇದು ಉಯಿಲು ಬರೆಯದೆ ತೀರಿಕೊಂಡ ಹಿಂದೂ ಪುರುಷನ ಮಾತು. ಹೆಂಗಸರ ಆಸ್ತಿಗೆ ಕ್ರಮ ಬೇರೆ, ಅನ್ಯಧರ್ಮೀಯರಿಗೆ ಕಾನೂನೇ ಬೇರೆ. ಅಂಕಣ ಓದಿ ತೀರ್ಮಾನಿಸಬೇಡಿ, ಕಾಗದಪತ್ರ ತನ್ನಿ.

ಮೇಷ್ಟ್ರು ಮದುವೆಯಾದವರಲ್ಲ. ಅಕ್ಕ ತೀರಿಕೊಂಡಿದ್ದಾರೆ, ಅಕ್ಕನ ಮಗ ಶಿವಮೊಗ್ಗದಲ್ಲಿದ್ದಾನೆ. ಎಲ್ಲವನ್ನೂ ಕೇಳಿ ಪೆನ್ನಿನ ಮುಚ್ಚಳ ಹಾಕಿದರು.

“ಹಾಗಾದರೆ ಮನೆ ಅವನಿಗೆ ಹೋಗುತ್ತದೆಯೇ? ಅವನು ನನ್ನ ಹತ್ತಿರ ಮಾತನಾಡಿ ಹನ್ನೊಂದು ವರ್ಷವಾಯಿತು. ಅದಕ್ಕಿಂತ ಸರಕಾರಕ್ಕೇ ಹೋಗಲಿ ಬಿಡಿ.”

“ಅದಕ್ಕೂ ಉಯಿಲು ಬರೆಯಬೇಕು, ಮೇಷ್ಟ್ರೇ” ಎಂದೆ. ಸೋಮವಾರ ಬರುತ್ತಾರೆ. ಕೆಂಪು ಪೆನ್ನನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದಿದ್ದೇನೆ.